ಕಿವಿಯಣ್ಣನಿಗೆ ಕೇಳದೆ ಹೋದ ಅಕ್ಷರ

ಕಿವಿಯಣ್ಣನನ್ನು ನಾವು ಮೊದಲು ಕಂಡ ದಿನ ಅವನು ನಮ್ಮ ಮುಖವನ್ನು ನೋಡಲೇ ಇಲ್ಲ. ನಮ್ಮ ಹಳೆಯ ಕಾರು ಬೆಳಗಿನಿಂದ ಕಿರ್ರೆಂದು ಕೂಗುತ್ತ, ದಾರಿಹೋಕರೆಲ್ಲ ತಿರುಗಿ ನೋಡುವಂತೆ ಮಾನ ಕಳೆಯುತ್ತ, ಅವನ ಗ್ಯಾರೇಜಿನ ಮುಂದೆ ಬಂದು ನಿಂತಿತ್ತು. ಅವನು ಒಳಗೆ ಇನ್ನೊಂದು ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಪಾದಗಳು ಮಾತ್ರ. ಮಾತು ಆ ಪಾದಗಳ ಕಡೆಯಿಂದಲೇ ಬಂತು.

"ಬೆಲ್ಟ್ ಅಳ್ತಾ ಇದೆಯಲ್ಲ ಸ್ವಾಮಿ. ಎಷ್ಟು ದಿನದಿಂದ ಅಳಿಸ್ತಿದ್ದೀರಿ ಅದನ್ನ?"

ಆಮೇಲೆ ಹೊರಗೆ ಬಂದ. ನಡುವಯಸ್ಸಿನ, ಗಿಡ್ಡನೆಯ ಆಳು. ಬಾನೆಟ್ ಎತ್ತಿ, ಎಂಜಿನಿನ ಮುಂಬದಿಯಲ್ಲಿ ಚಕ್ರದಿಂದ ಚಕ್ರಕ್ಕೆ ಸುತ್ತಿಕೊಂಡು ಓಡುತ್ತಿದ್ದ ಕಪ್ಪು ರಬ್ಬರಿನ ಪಟ್ಟಿಯನ್ನು ತೋರಿಸಿದ. ಕರೆಂಟು ಹುಟ್ಟಿಸುವ ಡೈನಮೋ, ಎಂಜಿನನ್ನು ತಂಪಾಗಿಡುವ ನೀರಿನ ಪಂಪು, ಸ್ಟಿಯರಿಂಗನ್ನು ಹಗುರ ಮಾಡುವ ಪಂಪು, ಎಲ್ಲವೂ ಆ ಒಂದು ಪಟ್ಟಿಯನ್ನು ನಂಬಿಕೊಂಡಿರುವ ಸಂಸಾರವಂತೆ. ಅದು ಹರಿದ ದಿನ ಇಡೀ ಸಂಸಾರ ನಡುಬೀದಿಯಲ್ಲಿ ಕೂತುಬಿಡುತ್ತದಂತೆ. ಹಾಗೆಂದು, ಕುಡಿಯುವ ನೀರಿನ ಬಾಟಲಿಯಿಂದ ಒಂದಿಷ್ಟು ನೀರನ್ನು ಓಡುವ ಬೆಲ್ಟಿನ ಮೇಲೆ ಚಿಮುಕಿಸಿ, ಕಿವಿಯನ್ನು ಓರೆ ಮಾಡಿ ನಿಂತ. ಕೂಗು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.

"ನೀರು ಬಿದ್ದು ಜೋರಾದ್ರೆ ಬೆಲ್ಟ್ ಸಡಿಲ, ಬಿಗಿ ಮಾಡಿದ್ರೆ ಆಯ್ತು. ಹೀಗೆ ಸುಮ್ಮನಾಗಿ ಮತ್ತೆ ರಾಗ ತೆಗೆದ್ರೆ ಬೆಲ್ಟೇ ಸವೆದಿದೆ, ಇಲ್ಲ ಚಕ್ರ ಓರೆಯಾಗಿದೆ."

"ಅತ್ತಿಗೆಗೂ ಹೀಗೇ ನೀರು ಚಿಮುಕಿಸಿ ನೋಡಿದ್ಯಾ ಅಣ್ಣ?" ಎಂದು ಒಳಗಿನಿಂದ ಹೆಣ್ಣು ಧ್ವನಿಯೊಂದು ಕೇಳಿತು.

"ನೋಡಿದ್ದೆ. ಜೋರಾಯ್ತು. ನಾನೇ ಸಡಿಲ ಅಂತ ಅವತ್ತೇ ಗೊತ್ತಾಯ್ತು."

ಒಳಗಿದ್ದವಳು ಅವನ ತಂಗಿ. ಅವನು ಅವಳನ್ನು ಪುಟ್ಟಿ ಎನ್ನುತ್ತಿದ್ದ. ಗ್ಯಾರೇಜು ಇಬ್ಬರದೂ. ತಂದೆ ಬಿಟ್ಟುಹೋದ ತಗಡಿನ ಶೆಡ್ಡಿನಲ್ಲಿ, ಅವನದು ಕಿವಿ, ಅವಳದು ಕೈ. ಎಂಜಿನಿಗೂ ಕಾರಿನ ಗೋಡೆಗೂ ನಡುವಿನ ಕಿರಿದಾದ ಸಂದಿಯಲ್ಲಿ ಅವನ ದಪ್ಪ ಮುಂಗೈ ಹೋಗುತ್ತಿರಲಿಲ್ಲ. ಪುಟ್ಟಿ ಎಡಚಿ, ಅವಳ ತೆಳ್ಳಗಿನ ಎಡಗೈ ಮೊಣಕೈವರೆಗೆ ಒಳಗಿಳಿಯುತ್ತಿತ್ತು. ಆ ದಿನ ಅವಳು ಹಳೆಯ ಬೆಲ್ಟನ್ನು ಬಿಚ್ಚಿ, ಬೆರಳಿನ ಮೇಲೆ ಹಿಂದುಮುಂದಾಗಿ ಮಡಚಿ ತೋರಿಸಿದಳು. ಒಳಮೈಯಲ್ಲಿ ಒಣಗಿದ ಕೆರೆಯಂತೆ ಬಿರುಕುಗಳು.

ಹೊಸ ಬೆಲ್ಟು ಹಾಕುವಾಗ ಅವರಿಬ್ಬರಿಗೆ ಬೇಕಾಗುತ್ತಿದ್ದದ್ದು ಎರಡೇ ಮಾತು. ಪುಟ್ಟಿ ಎಂಜಿನಿನ ಮುಂದೆ ಬಗ್ಗಿ ನಿಲ್ಲುತ್ತಿದ್ದಳು. ಅವನು ಚಾಲಕನ ಸೀಟಿನಲ್ಲಿ ಕೂತು ಕೀಲಿಯ ಮೇಲೆ ಕೈಯಿಟ್ಟುಕೊಂಡಿರುತ್ತಿದ್ದ. ನಡುವೆ ಎತ್ತಿದ ಬಾನೆಟ್ಟು, ಒಬ್ಬರಿಗೊಬ್ಬರು ಕಾಣುವುದಿಲ್ಲ. ಅವಳು "ಹಾಕು" ಎಂದರೆ ಅವನು ಕೀಲಿಯನ್ನು ಒಂದು ಸಲ ತಿರುಗಿಸಿ ಬಿಡುವನು, ಎಂಜಿನು ಅರ್ಧ ಸುತ್ತು ಹೊರಳಿ ನಿಲ್ಲುವುದು, ಬೆಲ್ಟಿನ ಗೆರೆಗಳು ಚಕ್ರದ ಗೆರೆಗಳಲ್ಲಿ ಕೂತವೋ ಇಲ್ಲವೋ ಅವಳು ನೋಡುವಳು. ಮತ್ತೆ "ಹಾಕು", ಮತ್ತೊಂದು ಸಲ. "ಸಾಕು" ಎಂದಳೆಂದರೆ ಮುಗಿಯಿತು. ಅವನು ಕೀಲಿಯಿಂದ ಕೈ ತೆಗೆಯುವನು, ಅವಳು ಕೈಯನ್ನು ಒಳಗೆ ಬಿಟ್ಟು ಅಂಚನ್ನು ಸವರಿ ನೋಡುವಳು. ಸ್ಪ್ಯಾನರ್ ಹಾಕಿ ಎಂಜಿನನ್ನು ಕೈಯಿಂದಲೇ ತಿರುಗಿಸುವುದು ಸರಿಯಾದ ಕ್ರಮವೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಇದು ಬೇಗ ಆಗುತ್ತಿತ್ತು, ಯಾವತ್ತೂ ತಪ್ಪಿರಲಿಲ್ಲ.

ಬರುಬರುತ್ತ ಅವನ ಕಿವಿ ಮಂದವಾಗತೊಡಗಿದಾಗ ಮೊದಲು ಜಾರಿಹೋದದ್ದು ಬೆಲ್ಟಿನ ಕೂಗೇ. ಜಾರಿದ್ದು ಅವನಿಗೇ ತಿಳಿಯಲಿಲ್ಲ. ಲೋಕವೇ ಸುಧಾರಿಸಿತೆಂದು ಅವನು ಭಾವಿಸಿದ. "ಈಗಿನ ಬೆಲ್ಟ್‌ಗಳು ಪರವಾಗಿಲ್ಲ ಪುಟ್ಟಿ, ಒಂದೂ ಬಾಯಿ ಬಿಡಲ್ಲ" ಎಂದು ಹೊಗಳಿಕೊಂಡು ತಿರುಗಿದ. ಪುಟ್ಟಿ ತಮಾಷೆಯಿರಬೇಕೆಂದು ನಕ್ಕಳು.

ಒಂದು ದಿನ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಬಂತು. ಅದರ ಚಾಲಕ ಇಳಿದು, "ಏನಣ್ಣಾ ಇದು, ಮಕ್ಕಳೆಲ್ಲ ಕಿವಿ ಮುಚ್ಕೋತಾರೆ" ಎಂದ. ಪುಟ್ಟಿಯೂ ಮುಖ ಸಿಂಡರಿಸಿ, "ಅಬ್ಬಾ, ಹಲ್ಲು ಜುಮ್ ಅಂತಿದೆ" ಎಂದಳು. ಕಿವಿಯಣ್ಣ ಬಾನೆಟ್ಟಿನ ಮೇಲೆ ಬಗ್ಗಿದ. ಎಂಜಿನಿನ ಗುಡುಗು ಕೇಳುತ್ತಿತ್ತು, ಫ್ಯಾನಿನ ಗಾಳಿ ಕೇಳುತ್ತಿತ್ತು. ಕೂಗು ಮಾತ್ರ ಇರಲಿಲ್ಲ. ಬೆಲ್ಟು ಕಣ್ಣೆದುರಿಗೇ ನಡುಗುತ್ತ ಓಡುತ್ತಿದೆ, ಇಬ್ಬರು ಅದರ ಮುಂದೆ ಹಲ್ಲು ಕಚ್ಚಿ ನಿಂತಿದ್ದಾರೆ, ತನ್ನ ಪಾಲಿಗೆ ಅದು ಮೂಕ. ಎಂದಿನಂತೆ ಬಾಟಲಿ ತೆಗೆದು ನೀರು ಚಿಮುಕಿಸಿದ. ಬೆಲ್ಟನ್ನು ನೋಡಲಿಲ್ಲ, ತಂಗಿಯ ಮುಖವನ್ನು ನೋಡಿದ. ಅವಳ ಹುಬ್ಬು ಇನ್ನಷ್ಟು ಗಂಟಾಯಿತು. ಜೋರಾಗಿದೆ ಎಂದುಕೊಂಡ.

"ಸಡಿಲ ಆಗಿದೆ, ಬಿಗಿ ಮಾಡು" ಎಂದ.

ಸರಿಯಾಗಿಯೇ ಇತ್ತು. ಆದರೆ ಆ ಮಧ್ಯಾಹ್ನ ಅವನು ಬುತ್ತಿಯನ್ನು ಬಿಚ್ಚದೆಯೇ ಮನೆಗೆ ಒಯ್ದ.

ಅಲ್ಲಿಂದಾಚೆಗೆ ಅವನು ಕಳ್ಳನಂತೆ ಬದುಕಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೆ ಒತ್ತಿ ಹಿಡಿಯನ್ನು ಕಿವಿಯ ಎಲುಬಿಗೆ ಆನಿಸಿ ಕೇಳಿದ. ದಪ್ಪ ಸದ್ದುಗಳು ಬಂದವು, ತೆಳುವಾದವು ಬರಲಿಲ್ಲ. ಕೈಗಡಿಯಾರವನ್ನು ಕಿವಿಗೆ ಹಿಡಿದರೆ ಅದು ನಿಂತುಹೋದಂತಿತ್ತು, ಮುಳ್ಳು ಮಾತ್ರ ಓಡುತ್ತಿತ್ತು. ಬಂದ ಗಾಡಿಗೆಲ್ಲ "ಬೆಲ್ಟ್ ಬದಲಾಯಿಸಿಬಿಡೋಣ" ಎಂದು ಹೇಳತೊಡಗಿದ. ಬದಲಾಯಿಸಿದರೆ ತಪ್ಪಾಗುವುದಿಲ್ಲವಲ್ಲ! "ಅಣ್ಣ, ಇದಿನ್ನೂ ಹೊಸದು ಕಣೋ" ಎಂದು ಪುಟ್ಟಿ ಹೇಳಿದರೆ ಅವಳ ಮೇಲೆ ರೇಗಿದ. ಜನ ದೂರದಿಂದ ಹುಡುಕಿಕೊಂಡು ಬರುತ್ತಿದ್ದದ್ದು ಈ ಕಿವಿಗಾಗಿ. ಕರೆಯುತ್ತಿದ್ದ ಹೆಸರೇ ಅದು. ಕಿವಿಯಿಲ್ಲದ ಕಿವಿಯಣ್ಣನನ್ನು ಯಾರು ಹುಡುಕಿಕೊಂಡು ಬಂದಾರು? ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ. ಪುಟ್ಟಿಗೆ ತಿಳಿದರೆ ಅವಳು ಅಯ್ಯೋ ಎನ್ನುತ್ತಾಳೆ, ಮೂಲೆಯಲ್ಲೊಂದು ಸ್ಟೂಲು ಹಾಕಿ ಕೂರಿಸುತ್ತಾಳೆ.

ಮನೆಯಲ್ಲಿ ಗುಟ್ಟು ನಿಲ್ಲಲಿಲ್ಲ. ಹೆಂಡತಿ ಅಡುಗೆಮನೆಯಿಂದ, "ಏನ್ರೀ, ಹಾಲು ತಂದ್ರಾ?" ಎಂದು ಕೇಳಿದಳು.

"ಬಾಗಿಲು ಆಗ್ಲೇ ಹಾಕಿದೀನಿ ಕಣೇ, ಚಿಲಕನೂ ಹಾಕಿದೀನಿ" ಎಂದ ಇವನು.

ಅವಳು ಬಾಗಿಲಿಗೆ ಬಂದು, "ಹಾಲಿಗೆ ಚಿಲಕ ಯಾಕ್ರೀ, ಓಡಿಹೋಗುತ್ತಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಗಂಡನ ಮುಖ ಕಂಡು ನಗು ನಿಲ್ಲಿಸಿದಳು. ಹತ್ತಿರ ಬಂದು ಕೂತಳು.

"ಯಾವಾಗಿಂದ?"

ಅವನು ತುಟಿಯ ಮೇಲೆ ಬೆರಳಿಟ್ಟ.

"ಹುಡುಗಾಟ ಅಲ್ಲ ಇದು. ಪುಟ್ಟಿಗಾದ್ರೂ ಹೇಳಿ. ಅವಳು ಎಂಜಿನ್ ಒಳಗೆ ಕೈಯಿಡೋಳು."

"ಹೇಳ್ತೀನಿ. ಈ ವಾರ ಕಳೀಲಿ."

ಆ ವಾರ ಕಳೆಯಿತು. ಅದರ ಹಿಂದೆ ಇನ್ನೂ ಎಷ್ಟೋ ವಾರಗಳು ಕಳೆದವು. ಅವನು ಜನರ ತುಟಿ ನೋಡಿ ಮಾತು ಹಿಡಿಯುವುದನ್ನು ತನಗೇ ಅರಿವಿಲ್ಲದೆ ಕಲಿತುಬಿಟ್ಟಿದ್ದ. ಎದುರಿಗೆ ನಿಂತು ಮಾತನಾಡಿದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಬಾನೆಟ್ಟಿನ ಆಚೆಯಿಂದ ಬರುವ ಎರಡು ಮಾತುಗಳನ್ನು ಅಭ್ಯಾಸಬಲದಿಂದ, ಅಂದಾಜಿನಿಂದ ದಾಟಿಸುತ್ತಿದ್ದ. ಎರಡು ಸಲ ಹಾಕು, ಆಮೇಲೆ ಸಾಕು. ಬಹಳ ಮಟ್ಟಿಗೆ ಹಾಗೇ ಇರುತ್ತಿತ್ತು.

ಕಡೆಗೊಂದು ಬೆಳಿಗ್ಗೆ ಅವನು ಗಟ್ಟಿ ಮನಸ್ಸು ಮಾಡಿ, ಹೇಳಿಯೇಬಿಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ಮನೆ ಬಿಟ್ಟ. ಗ್ಯಾರೇಜು ತಲುಪಿದರೆ ಅದೇ ಶಾಲೆಯ ವ್ಯಾನು ಬಾನೆಟ್ ತೆರೆದುಕೊಂಡು ನಿಂತಿತ್ತು. ಬೆಲ್ಟಿನ ಅಂಚು ಕಿತ್ತು ನಾರು ನಾರಾಗಿತ್ತು. ಚಾಲಕ ಫೋನನ್ನು ಕಿವಿಗಿಟ್ಟುಕೊಂಡು ಶತಪಥ ಹಾಕುತ್ತ, "ಬಂದೆ ಮೇಡಂ, ಮಕ್ಕಳು ಗೇಟಲ್ಲೇ ಇರ್ಲಿ, ಈಗ ಬಂದೆ" ಎನ್ನುತ್ತಿದ್ದ. ಪುಟ್ಟಿ ಆಗಲೇ ಹೊಸ ಬೆಲ್ಟು ತೂರಿಸುತ್ತಿದ್ದಳು.

"ಪುಟ್ಟಿ, ನಿನ್ನ ಹತ್ರ ಒಂದು ಮಾತಿತ್ತು."

"ಮಾತು ಆಮೇಲೆ. ಹತ್ತಿ ಕೂತ್ಕೋ ಹೋಗು."

ಅವನು ಹತ್ತಿ ಕೂತ. ಬಾನೆಟ್ಟು ಎದ್ದು ಅವಳನ್ನು ಮರೆ ಮಾಡಿತು.

"ಹಾಕು." ಒಂದು ಸಲ ತಿರುಗಿಸಿದ. ಬೀದಿಯಲ್ಲಿ ಲಾರಿಯೊಂದು ಹಾದುಹೋಯಿತು. ಆಚೆಯಿಂದ ಮತ್ತೆ ಮಾತು ಬಂತು. ಅವನಿಗೆ ಕೇಳಿಸಿದ್ದು "ಹಾಕು" ಎಂದೇ. ತಿರುಗಿಸಿದ.

ಮುಂದೆ ಕೇಳಿದ್ದು ಮಾತಲ್ಲ. ಕಿವುಡನಿಗೂ ಕೇಳುವಂಥದ್ದು. ಚಾಲಕ ಫೋನು ಬಿಸಾಡಿ ಕಿಟಕಿಯ ಗಾಜನ್ನು ಗುದ್ದುತ್ತಿದ್ದ. ಕಿವಿಯಣ್ಣ ಇಳಿದು ಓಡಿದ. ಪುಟ್ಟಿಯ ಎಡಗೈ ಬೆಲ್ಟಿಗೂ ಚಕ್ರಕ್ಕೂ ನಡುವೆ ಸಿಕ್ಕಿತ್ತು. ಎಳೆಯುವ ಹಾಗಿಲ್ಲ. ಬಿಗಿ ಮಾಡುವ ಬೋಲ್ಟನ್ನು ಸಡಿಲಿಸಿ ಬೆಲ್ಟು ಜೋಲುವಂತೆ ಮಾಡಬೇಕು. ಹೊಸದಾಗಿ ಬಿಗಿದ ಬೋಲ್ಟು. ಸ್ಪ್ಯಾನರ್ ಕೂರಿಸಿದ, ಅದು ಜಾರಿ ಬಿತ್ತು. ಮತ್ತೆ ಕೂರಿಸಿದ. "ಅಣ್ಣ, ಬೇಗ, ಅಣ್ಣ" ಎನ್ನುತ್ತಿದ್ದ ಅವಳ ತುಟಿಗಳು ಅವನ ಮುಖದ ಹತ್ತಿರದಲ್ಲೇ ಇದ್ದವು. ಆಗ ಮಾತ್ರ ಅವನಿಗೆ ಪ್ರತಿಯೊಂದು ಅಕ್ಷರವೂ ತಿಳಿಯಿತು.

ಎರಡು ಬೆರಳುಗಳ ತುದಿ ಉಳಿಯಲಿಲ್ಲ.

ಆಸ್ಪತ್ರೆಯ ಉದ್ದ ಬೆಂಚಿನ ಮೇಲೆ ಅವನು ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಕೂತಿದ್ದ. ಒಳಗೆ ಕರೆದಾಗ ಪುಟ್ಟಿ ಬಿಳಿ ಗಂಟಿನಂತಿದ್ದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದಳು. ಅವನನ್ನು ಕಂಡು ಅತ್ತಳು. ಅವಳ ಮೊದಲ ಮಾತು ಅವನನ್ನು ಕೊಂದಿತು.

"ನಾನು ಸಾಕು ಅಂದೆ ಅಂತಲೇ ನೆನಪು ಅಣ್ಣ. ಬಾಯ್ತಪ್ಪಿ ಹಾಕು ಅಂದ್ಬಿಟ್ಟೆನೋ ಏನೋ. ಅವಸರದಲ್ಲಿದ್ದೆ."

ಈಗ ಹೇಳಬೇಕಿತ್ತು. ಬಾಯಿ ತೆರೆದ. "ಹೋಗ್ಲಿ ಬಿಡು, ಈಗ ಅದೆಲ್ಲ ಯಾಕೆ" ಎಂಬ ಮಾತು ಹೊರಗೆ ಬಂತು. ಆಡಿದ ಮೇಲೆ ಅದನ್ನು ನುಂಗಲಾಗಲಿಲ್ಲ.

ವ್ಯಾನಿನ ಚಾಲಕನನ್ನು ಅವಳು ಕೇಳಿದಳಂತೆ. ಫೋನಿನಲ್ಲಿದ್ದೆ ಅಕ್ಕ, ಗಮನಿಸಲಿಲ್ಲ ಎಂದನಂತೆ. ಆಮೇಲೆ ಅವಳು ತನ್ನ ನಾಲಿಗೆಯನ್ನೇ ನಂಬದಾದಳು. ಅಂಗಡಿಯಲ್ಲಿ ಉಪ್ಪು ಕೇಳಿ, "ಉಪ್ಪು ಅಂದೆ ತಾನೆ?" ಎಂದು ಮರುಪ್ರಶ್ನೆ ಹಾಕುತ್ತಿದ್ದಳು. ಅತ್ತಿಗೆ ಊಟ ತೆಗೆದುಕೊಂಡು ಹೋದರೆ, "ನನಗೇನೋ ತಲೇಲಿ ಕೆಟ್ಟಿದೆ ಅತ್ತಿಗೆ, ಅಂದುಕೊಳ್ಳೋದೊಂದು ಆಡೋದೊಂದು" ಎನ್ನುತ್ತಿದ್ದಳು. ಅತ್ತಿಗೆ ಮನೆಗೆ ಬಂದು ಗಂಡನ ಮುಂದೆ ನಿಂತಳು. "ಬೆರಳು ತಿಂದ್ರಿ, ಆಯ್ತು. ಈಗ ಅವಳ ಬುದ್ಧೀನೂ ತಿಂತೀರಾ? ನೀವು ಹೇಳ್ತೀರೋ, ನಾನು ಹೇಳ್ಲೋ?" ಅವನು ಅವಳ ಕಾಲು ಹಿಡಿಯುವುದೊಂದು ಬಾಕಿ. ನಾನೇ ಹೇಳುತ್ತೇನೆ, ಈ ಹೊತ್ತೇ ಹೇಳುತ್ತೇನೆ ಎಂದು ಎದ್ದು ಹೊರಟ.

ಪುಟ್ಟಿಯ ಮನೆ ಒಂದೇ ಕೋಣೆಯದು. ಮೂಲೆಯಲ್ಲಿ ಒಲೆ, ಕಿಟಕಿಯ ಪಕ್ಕ ಮಂಚ. ಅವಳು ಅವನಿಗೆ ಬೆನ್ನು ಮಾಡಿ ಬಲಗೈಯೊಂದರಿಂದಲೇ ಟೀ ಸೋಸಲು ಹೆಣಗುತ್ತಿದ್ದಳು. ಅವನು ನೆಲ ನೋಡುತ್ತ ಮೊದಲ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದ. ಅವಳು ಏನೋ ಕೇಳಿದಂತಾಯಿತು.

"ಹೂಂ, ಊಟ ಆಯ್ತು" ಎಂದ.

ಸೋಸುತ್ತಿದ್ದ ಕೈ ನಿಂತಿತು. "ಸಕ್ಕರೆ ಎಷ್ಟು ಅಂತ ಕೇಳಿದೆ" ಎಂದು ತಿರುಗಿದಳು. ಒಂದು ಕ್ಷಣ ಅವನನ್ನೇ ದಿಟ್ಟಿಸಿದಳು. ಆಮೇಲೆ ಧ್ವನಿಯನ್ನೇ ಹೊರಡಿಸದೆ ತುಟಿ ಮಾತ್ರ ಆಡಿಸಿದಳು. ಒಂದೋ, ಎರಡೋ?

"ಒಂದು ಸಾಕು" ಎಂದ ಅವನು.

ಅವಳು ಬಟ್ಟೆ ಸುತ್ತಿದ ಎಡಗೈಯನ್ನು ಮೆಲ್ಲನೆ ಎತ್ತಿ ಬಾಯಿಗೆ ಅಡ್ಡ ಹಿಡಿದಳು. ಆ ಬಿಳಿ ಗಂಟಿನ ಹಿಂದಿನಿಂದ ಏನನ್ನೋ ಹೇಳಿದಳು. ಅವನು ಅವಳ ಕಣ್ಣುಗಳಲ್ಲಿ ಹುಡುಕಿದ. ಸಿಗಲಿಲ್ಲ. ಅವಳು ಮತ್ತೊಮ್ಮೆ ಹೇಳಿದಳು. ಅವನು ತಲೆ ತಗ್ಗಿಸಿದ.

ಕೈ ಇಳಿಸಿ ಅವಳು ಕೇಳಿದಳು. "ಅವತ್ತು ನಾನು ಏನಂದೆ?"

"ನನಗೆ ಹಾಕು ಅಂತ ಕೇಳಿಸ್ತು ಪುಟ್ಟಿ."

"ನಾನು ಏನಂದೆ?"

"ಸಾಕು ಅಂದಿರ್ತೀಯ."

"ಯಾವಾಗಿಂದ ಕೇಳಲ್ಲ ನಿನಗೆ?"

ಅವನು ಹೇಳಿದ. ಎಲ್ಲವನ್ನೂ ಹೇಳಿದ. ವ್ಯಾನಿನ ಕೂಗು, ನೀರು ಚಿಮುಕಿಸಿ ಅವಳ ಮುಖ ನೋಡಿದ್ದು, ಸ್ಟೂಲಿನ ಹೆದರಿಕೆ. ಟೀ ಆರಿ ಕೆನೆ ಕಟ್ಟಿತು.

"ಬೆರಳು ಹೋಗ್ಲಿ" ಎಂದಳು. "ನಾನು ನನ್ನ ಮೇಲೇ ಅನುಮಾನ ಪಡ್ತಾ ಕೂತಿದ್ನಲ್ಲ, ಹುಚ್ಚಿ ಥರ. ನೀನು ದಿನಾ ಬಂದು ಹಣ್ಣು ಕೊಟ್ಟು ಹೋಗ್ತಿದ್ದೆ. ನೋಡ್ಕೊಂಡು ಸುಮ್ಮನಿದ್ಯಲ್ಲೋ ಅಣ್ಣ." "ಎದ್ದು ಹೋಗು" ಎಂದಳು. ಅವನು ತುಟಿಗಳನ್ನು ತಪ್ಪಾಗಿ ಓದಿದೆನೇನೋ ಎಂಬ ಆಸೆಯಿಂದ ಕೂತೇ ಇದ್ದ. ಅವಳು ಬಾಗಿಲು ತೆರೆದು ಹಿಡಿದಳು.

ಕಿವಿಯ ವೈದ್ಯರು ಪರೀಕ್ಷಿಸಿ ಹೇಳಿದ್ದಿಷ್ಟು: ಇಂಥ ಕಿವಿಯಲ್ಲಿ ತೆಳುವಾದ ಸದ್ದುಗಳು ಮೊದಲು ಸಾಯುತ್ತವೆ. ಬೆಲ್ಟಿನ ಕೂಗೂ ಅಂಥದ್ದೇ, ಸಕಾರದ ಸೀಟಿಯೂ ಅಂಥದ್ದೇ. ಸೀಟಿ ಕಳೆದುಕೊಂಡ ಸಕಾರ ಬರಿಯ ಉಸಿರಾಗಿ ಉಳಿಯುತ್ತದೆ. ಮನಸ್ಸು ಅದನ್ನು ಹಕಾರವೆಂದು ತುಂಬಿಕೊಳ್ಳುತ್ತದೆ. ನಮ್ಮ ವರ್ಣಮಾಲೆಯಲ್ಲಿ ಇವೆರಡೂ ಅಕ್ಕಪಕ್ಕದ ಮನೆಯವು. ಮಕ್ಕಳಿಗೆ ವರ್ಷಗಟ್ಟಲೆ ಅದನ್ನು ಹೇಳಿಕೊಟ್ಟ ನಮ್ಮಂಥ ಮೇಷ್ಟರಿಗೂ ಆ ಎರಡು ಮನೆಗಳ ನಡುವಿನ ಗೋಡೆ ಇಷ್ಟು ತೆಳುವೆಂದು ಹೊಳೆದಿರಲಿಲ್ಲ.

ಗ್ಯಾರೇಜಿನ ಬಾಗಿಲು ಬಹಳ ಕಾಲ ಎಳೆದೇ ಇತ್ತು. ಕಿವಿಯಣ್ಣ ಹಗಲೆಲ್ಲ ಅದರ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಹಳೆಯ ಗಿರಾಕಿಗಳು ಬಂದು ಬಾನೆಟ್ ಎತ್ತಿದರೆ ಕೈ ಮುಗಿದು ಬೇರೆ ಗ್ಯಾರೇಜಿನ ದಾರಿ ತೋರಿಸುತ್ತಿದ್ದ. ಊಟ ಬಿಟ್ಟ, ಗಡ್ಡ ಬಿಟ್ಟ. ಹೆಂಡತಿ ಹೆದರಿ ಪುಟ್ಟಿಯ ಬಳಿಗೆ ಹೋಗಿ ಅತ್ತಳು. "ಅವನಿಗೋಸ್ಕರ ನನ್ನ ಹತ್ರ ಅಳಬೇಡಿ ಅತ್ತಿಗೆ" ಎಂದು ಪುಟ್ಟಿ ಕಳಿಸಿಬಿಟ್ಟಳು. ಆದರೆ ಗಾಯ ಮಾಗಿ, ಹೊಟ್ಟೆಪಾಡು ಬಾಗಿಲು ತಟ್ಟಿದಾಗ ಅವಳೇ ಬಂದು ಶೆಡ್ಡಿನ ಬೀಗ ತೆಗೆದಳು. ಕಟ್ಟೆಯ ಮೇಲೆ ಕೂತಿದ್ದವನನ್ನು ದಾಟಿಕೊಂಡೇ ಒಳಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದು ಅವನ ಮುಂದೆ ನಿಂತಳು.

"ಕೆಲಸ ಇದೆ. ಮಾಡೋದಾದ್ರೆ ಬಾ. ಕೀಲಿ ಮುಟ್ಟೋ ಹಾಗಿಲ್ಲ. ಕೇಳಿಸದೆ ಇದ್ದದ್ದನ್ನ ಕೇಳಿಸ್ತು ಅಂತ ತಲೆ ಆಡಿಸಿದ್ಯೋ, ಅವತ್ತೇ ಕೊನೆ."

ಅವನು ಎದ್ದು ಒಳಗೆ ಹೋದ.

ಈಗ ಗ್ಯಾರೇಜು ಅವಳದು. ಗಾಡಿಯ ಕೂಗು ಕೇಳಿ ರೋಗ ಹೇಳುವವಳೂ ಅವಳೇ. ಬೆಲ್ಟು ಬಿಚ್ಚಿ ಹಾಕುವ ಕೆಲಸ ಅವನದು. ದಪ್ಪ ಕೈ ಹೋಗದ ಸಂದಿಗಳಲ್ಲಿ ಕಾರಿನ ಮುಂಗಾಲಿಯ ಮೇಲಿನ ಮುಚ್ಚಳವನ್ನೂ ಮುಂದಿನ ಲೈಟನ್ನೂ ಬಿಚ್ಚಿ ದಾರಿ ಮಾಡಿಕೊಳ್ಳುತ್ತಾನೆ. ಹೊತ್ತು ಹಿಡಿಯುತ್ತದೆ. ಬ್ಯಾಟರಿಯ ತಂತಿ ಕಳಚಿಟ್ಟು, ಎಂಜಿನನ್ನು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸುತ್ತಾನೆ. ಕಿವಿಗೆ ಯಂತ್ರ ಹಾಕಿಕೊಂಡಿದ್ದಾನೆ. ಅದು ಬೀದಿಯ ಗದ್ದಲವನ್ನೆಲ್ಲ ತಂದು ಸುರಿಯುತ್ತದೆ, ಬೇಕಾದ ಮಾತನ್ನು ಬಿಟ್ಟುಬಿಡುತ್ತದೆ.

ಮೊನ್ನೆ ನಾವು ಹೋದಾಗ ಶೆಡ್ಡಿನಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಪುಟ್ಟಿ ಆಚೆ ಮುಖ ಮಾಡಿಕೊಂಡೇ ಅವನಿಗೇನೋ ಹೇಳಿದಳು. ಅವನು ಸ್ಪ್ಯಾನರ್ ಕೆಳಗಿಟ್ಟು, ಎಲ್ಲರೂ ತಿರುಗಿ ನೋಡುವಷ್ಟು ದೊಡ್ಡ ಧ್ವನಿಯಲ್ಲಿ, "ಕೇಳಿಸ್ಲಿಲ್ಲ ಪುಟ್ಟಿ" ಎಂದ. ಅವಳು ತಿರುಗಲಿಲ್ಲ. "ನನಗೆ ಕೇಳಿಸ್ಲಿಲ್ಲ" ಎಂದು ಮತ್ತೆ ಹೇಳಿದ. ದಿನಕ್ಕೆ ಎಷ್ಟೋ ಸಲ ಹೀಗೆ ಹೇಳುತ್ತಾನಂತೆ. ಕೆಲವು ಸಲ ಅವಳು ಕೆಲಸವನ್ನು ತಾನೇ ಮಾಡಿಕೊಂಡುಬಿಡುತ್ತಾಳಂತೆ. ಆ ದಿನ ಅವಳು ಕೈಯಲ್ಲಿದ್ದ ಬಟ್ಟೆಯನ್ನು ಒದರಿ, ಗಾಡಿಯನ್ನು ಸುತ್ತಿಕೊಂಡು ಬಂದು, ಅವನ ಮುಖದೆದುರು ನಿಂತು ಹೇಳಿದಳು. ಅವನು ಅವಳಂದದ್ದನ್ನು ಒಮ್ಮೆ ತಾನೂ ಹೇಳಿ ಒಪ್ಪಿಸಿ, ಅವಳು ಹೂಂ ಎಂದ ಮೇಲೆ ಕೆಲಸಕ್ಕೆ ಬಗ್ಗಿದ.